ಪುಣ್ಯಕ್ಕೆ ಎಡಗೈ

ನನ್ನ ಎಡಗೈ ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಮುಗಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಮನೆಗೆ ಬಂದವರು ಅರ್ಧ ತಾಸು ನನ್ನ ಸೆರಗಿನ ಕಡೆ ಕಳ್ಳನೋಟ ಹಾಕುತ್ತ, ಬಾಯಲ್ಲಿ ಮಾತ್ರ ತರಕಾರಿ ರೇಟು, ಬಸ್ಸಿನ ಟೈಮು ಅಂತೆಲ್ಲ ಮಾತಾಡಿ, ಕಡೆಗೆ ಚಪ್ಪಲಿ ಮೆಟ್ಟುವಾಗ ಮೆಲ್ಲಗೆ ಒಂದು ಮಾತು ಬಿಟ್ಟು ಹೋಗುತ್ತಾರೆ: ‘ಏನೇ ಹೇಳು, ಪುಣ್ಯಕ್ಕೆ ಎಡಗೈ.’

ಆಸ್ಪತ್ರೆಯಲ್ಲಿದ್ದಾಗ ಬಾಳೆಹಣ್ಣು ಹಿಡಿದು ನೋಡಲು ಬಂದವರೆಲ್ಲ ಇದನ್ನೇ ಹೇಳಿದರು. ಅತ್ತೆ ಹೇಳಿದರು, ಓಣಿಯವರು ಹೇಳಿದರು, ಡ್ರೆಸ್ಸಿಂಗ್ ಮಾಡುವ ನರ್ಸಮ್ಮನೂ ಹೇಳಿದಳು. ಯಾವ ಕೈ ಬೇಕಮ್ಮಾ ಅಂತ ಯಾರೋ ನನ್ನನ್ನು ಕೇಳಿದ್ದರು, ನಾನು ಬಹಳ ಬುದ್ಧಿವಂತಿಕೆಯಿಂದ ಎಡಗೈ ಕೊಟ್ಟು ಪಾರಾದೆ ಅನ್ನುವ ಹಾಗಿತ್ತು ಅವರ ಸಮಾಧಾನ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಬಂದವರಿಗೆ ಎದುರು ಆಡುವುದು ನಮ್ಮಲ್ಲಿ ರೂಢಿಯಿಲ್ಲ, ಹಾಗಾಗಿ ‘ಹೌದು, ಪುಣ್ಯ’ ಅನ್ನುತ್ತಲೇ ಬಂದೆ.

ಎಡಗೈ ಏನು ಮಾಡುತ್ತಿತ್ತು ಅನ್ನುವುದು ಅವರಿಗೆ ಗೊತ್ತಿರಲಿಲ್ಲ ಅಂತಲ್ಲ. ಅದರ ಕೆಲಸವನ್ನು ಅವರೆಲ್ಲ ತಿಂದಿದ್ದರು. ನಾನು ತೊಡೆದೇವು ಅನ್ನುವ ಸಿಹಿತಿಂಡಿ ಮಾಡುವವಳು. ಶಿರಸಿ ಪೇಟೆಯ ಹಿಂದೆ ಒಂದು ಓಣಿಯಲ್ಲಿ ನಮ್ಮ ಬಾಡಿಗೆ ಮನೆ. ಗಂಡನಿಗೆ ಸುಟ್ಟುಹೋದ ಪಂಪುಸೆಟ್ಟಿನ ಮೋಟಾರು ರಿಪೇರಿ ಮಾಡುವ ಅಂಗಡಿ. ನನಗೆ ಹಿತ್ತಲ ಮಾಡಿನ ಕೆಳಗೆ ಒಂದು ಒಲೆ, ಬೋರಲು ಹಾಕಿದ ಒಂದು ಮಡಕೆ. ಅಕ್ಕಿಯನ್ನು ಕಬ್ಬಿನ ಹಾಲಿನಲ್ಲಿ ನೀರಾಗಿ ರುಬ್ಬಿಕೊಂಡು, ಕೋಲಿಗೆ ಸುತ್ತಿದ ಬಟ್ಟೆಯನ್ನು ಅದರಲ್ಲಿ ಅದ್ದಿ, ಕಾದ ಮಡಕೆಯ ಬೆನ್ನಿಗೆ ಒಂದು ಸಲ ಬಳಿಯುವುದು. ಅಷ್ಟು ಬಲಗೈಯದು. ಬಳಿದು ಮೂರು ಎಣಿಸುವುದರೊಳಗೆ ಅಂಚು ಎದ್ದು ನಿಲ್ಲುತ್ತದೆ. ಆಗ ಎಡಗೈ ಉಗುರಿನಲ್ಲಿ ಆ ಅಂಚನ್ನು ಹಿಡಿದು, ಕಾಗದಕ್ಕಿಂತ ತೆಳ್ಳಗಿನ ಹಾಳೆಯನ್ನು ಹರಿಯದ ಹಾಗೆ ಎತ್ತಬೇಕು, ಬಿಸಿ ಇರುವಾಗಲೇ ಎರಡೂ ಕೈಯಲ್ಲಿ ಮಡಚಬೇಕು. ಬೇಗ ಎತ್ತಿದರೆ ಹರಿಯಿತು, ತಡವಾದರೆ ಕರಕಲು. ಬಳಿಯುವುದನ್ನು ಯಾರಾದರೂ ಎರಡು ದಿನದಲ್ಲಿ ಕಲಿಯಬಹುದು. ಎತ್ತುವುದೇ ಕಸುಬು, ಅದನ್ನು ನಾನು ಹದಿನೈದು ವರ್ಷ ಎಡಗೈಯಲ್ಲಿ ಮಾಡಿದ್ದೆ. ಸಿದ್ದಾಪುರದಿಂದ, ಯಲ್ಲಾಪುರದಿಂದ ಮದುವೆ ಮುಂಜಿಗೆಲ್ಲ ನನಗೇ ಫೋನು ಬರುತ್ತಿತ್ತು.

ಅವತ್ತೂ ಒಂದು ಮುಂಜಿಮನೆಗೇ ಹೊರಟಿದ್ದೆ, ವಜ್ರಳ್ಳಿ ಕಡೆ. ಬಾಡಿಗೆ ಟೆಂಪೊ, ಡ್ರೈವರಿನ ಹಿಂದೆ, ಹಿಂದಕ್ಕೆ ಮುಖ ಮಾಡಿದ ಕಿಟಕಿಯ ಪಕ್ಕದ ಸೀಟು, ಮಡಿಲಲ್ಲಿ ತೊಡೆದೇವಿನ ಡಬ್ಬಿ. ರಸ್ತೆಯ ಹೊಂಡಕ್ಕೆ ಡಬ್ಬಿ ಕುಲುಕಿದರೆ ಒಳಗಿನದೆಲ್ಲ ಪುಡಿ. ಅದಕ್ಕೆ ಬಲಗೈಯಲ್ಲಿ ಡಬ್ಬಿಯನ್ನು ತಬ್ಬಿಕೊಂಡು, ಎಡಗೈಯಲ್ಲಿ ಕಿಟಕಿಯ ಸರಳನ್ನು ಗಟ್ಟಿಯಾಗಿ ಹಿಡಿದು ಕೂತಿದ್ದೆ. ಯಲ್ಲಾಪುರ ಇನ್ನೇನು ಬಂತು ಅನ್ನುವಾಗ ಎದುರಿನಿಂದ ಒಂದು ಲಾರಿ, ಪಕ್ಕಕ್ಕೆಲ್ಲ ಚಾಚಿಕೊಂಡ ಮರದ ಕಂಬಗಳನ್ನು ಹೇರಿಕೊಂಡು, ನಮ್ಮ ಟೆಂಪೊವನ್ನು ಸವರಿಕೊಂಡು ಹೋಯಿತು. ನನಗೆ ಶಬ್ದ ಮಾತ್ರ ನೆನಪಿದೆ. ಡಬ್ಬಿ ಮಡಿಲಲ್ಲೇ ಇತ್ತಂತೆ, ಒಳಗಿನ ಒಂದೂ ಮುರಿದಿರಲಿಲ್ಲವಂತೆ. ಯಾರೋ ಪುಣ್ಯಾತ್ಮರು ಅದನ್ನು ಮುಂಜಿಮನೆಗೆ ಮುಟ್ಟಿಸಿದರು. ಈ ಸಲ ಭಾರೀ ಗರಿಗರಿಯಾಗಿತ್ತು ಅಂತ ಆಸ್ಪತ್ರೆಗೇ ಫೋನು ಬಂತು.

ನಾಲ್ಕನೆಯ ದಿನ ಪೊಲೀಸರೊಬ್ಬರು ಕಾಗದ ಹಿಡಿದು ಹಾಸಿಗೆಯ ಪಕ್ಕ ಕೂತರು. ಹೆಸರು, ವಯಸ್ಸು ಆಯಿತು. ‘ಏನ್ ಕೆಲಸ ಮಾಡ್ತೀರಿ?’ ಅಂತ ಕೇಳಿದರು.

‘ಎಂತೂ ಇಲ್ಲೆ, ಮನೆಲ್ಲೇ ಇರ್ತೆ’ ಅಂದೆ.

ನಮ್ಮ ಕಡೆಯ ಯಾವ ಹೆಂಗಸನ್ನಾದರೂ ಕೇಳಿ ನೋಡಿ, ಇದೇ ಉತ್ತರ. ನಾನು ಇಂಥದ್ದು ಮಾಡುತ್ತೇನೆ ಅಂತ ನಮ್ಮ ಬಾಯಿಂದಲೇ ಹೇಳಿಕೊಂಡರೆ ಅದು ದೊಡ್ಡಸ್ತಿಕೆ. ನನ್ನ ಅಮ್ಮ ಒಬ್ಬಳೇ ಮೂವತ್ತು ಜನಕ್ಕೆ ಅಡುಗೆ ಮಾಡಿ ಬಡಿಸಿ, ‘ಎಂತ ಮಾಡಿದ್ನಿಲ್ಲೆ, ಬರೀ ಊಟ’ ಅನ್ನುತ್ತಿದ್ದಳು. ಕೇಳಿದವರು ಅದನ್ನು ನಂಬಬಾರದು ಅನ್ನುವುದೂ ರೂಢಿಯೊಳಗೇ ಇದೆ. ಆದರೆ ಪೊಲೀಸರು ನಂಬಿದರು. ‘ಗೃಹಿಣಿ, ಆದಾಯವಿಲ್ಲ’ ಅಂತ ಬರೆದುಕೊಂಡು ಸಹಿ ಹಾಕಿಸಿಕೊಂಡರು. ಸಹಿ ಹಾಕುವ ಕೈ ಇತ್ತಲ್ಲ, ಪುಣ್ಯಕ್ಕೆ.

ಯಲ್ಲಾಪುರದ ನಮ್ಮ ವಕೀಲರು ವಯಸ್ಸಾದವರು, ನನ್ನನ್ನು ತಂಗಿ ಅನ್ನುತ್ತಾರೆ. ಆ ಕಾಗದ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ತಂಗಿ, ಈ ಎರಡು ಶಬ್ದ ಅಳಿಸ್ಲಿಕ್ಕೆ ಎಷ್ಟು ವರ್ಷ ಬೇಕಾಗ್ತದೆ, ನೋಡ್ತಾ ಇರು’ ಅಂದರು. ಕೋರ್ಟು ಪರಿಹಾರ ಕೊಡುವುದು ಕೈಗಲ್ಲ, ಕೈ ದುಡಿಯುತ್ತಿದ್ದುದಕ್ಕೆ ಅಂತ ಬಿಡಿಸಿ ಹೇಳಿದರು. ಮನೆಯಲ್ಲೇ ಇರುವ ಹೆಂಗಸಿನ ಕೈಗೆ ಅಂದಾಜಿನ ಮೇಲೆ ಒಂದಿಷ್ಟು ಹಾಕುತ್ತಾರಂತೆ.

ನಾನೇನು ಸನ್ಯಾಸಿನಿಯಲ್ಲ, ದುಡ್ಡು ಬೇಡ ಅನ್ನಲಿಕ್ಕೆ. ಬೆರಳು ಆಡಿಸುವಂಥ ಕೃತಕ ಕೈಗಳು ಬಂದಿವೆಯಂತೆ, ಅದೊಂದು ಹಾಕಿಸಿಕೊಳ್ಳುವ ಆಸೆ ಇತ್ತು. ಆದರೆ ಅದಕ್ಕಿಂತ ಮೊದಲು ನನಗೆ ಬೇಕಾದದ್ದು ಬೇರೆ. ‘ಇವಳ ಕೈಗೆ ಒಂದು ಕಸುಬಿತ್ತು, ಅದು ಹೋಯಿತು ಅಂತ ಕೋರ್ಟು ಬರೀಬೇಕು, ಅಷ್ಟೇ’ ಅಂದೆ. ವಕೀಲರು ಒಂದು ಕ್ಷಣ ನನ್ನ ಮುಖ ನೋಡಿ, ಸರಿ, ಬಿಲ್ಲು ತಾ ಅಂದರು.

ಬಿಲ್ಲು! ತೊಡೆದೇವಿಗೆ ಯಾರು ಬಿಲ್ಲು ಕೊಡುತ್ತಾರೆ? ಫೋನಿನಲ್ಲಿ ಹೇಳುತ್ತಾರೆ, ಮಾಡಿ ಒಯ್ದು ಕೊಡುತ್ತೇನೆ. ದುಡ್ಡನ್ನು ಎಲೆ ಅಡಿಕೆಯ ಮೇಲೆ ಇಟ್ಟು, ಜೊತೆಗೊಂದು ರವಿಕೆ ಕಣ ಕೊಟ್ಟು ಕಳಿಸುತ್ತಾರೆ. ಹದಿನೈದು ವರ್ಷದ ನನ್ನ ಉದ್ಯೋಗಕ್ಕೆ ಸಾಕ್ಷಿ ಎಂದರೆ ಕಪಾಟು ತುಂಬ ಹೊಲಿಸದ ರವಿಕೆ ಕಣಗಳು. ಅದನ್ನು ಕೋರ್ಟಿನಲ್ಲಿ ಹಾಜರು ಮಾಡಬಹುದೇ ಅಂತ ಕೇಳಿದೆ. ವಕೀಲರು ನಗಲಿಲ್ಲ.

ಆಮೇಲೆ ದೊಡ್ಡ ಡಾಕ್ಟರು ಟೇಪು ಹಿಡಿದು, ದರ್ಜಿ ತೋಳು ಅಳೆಯುವ ಹಾಗೆ ನನ್ನ ಕೈಯ ಉಳಿಕೆಯನ್ನು ಅಳೆದು, ನೂರಕ್ಕೆ ಅರವತ್ತೈದು ಅಂತ ಸರ್ಟಿಫಿಕೇಟು ಕೊಟ್ಟರು. ವಿಮಾ ಕಂಪನಿಯ ವಕೀಲರು ಅದಕ್ಕೂ ತಕರಾರು ತೆಗೆದರು. ಅರವತ್ತೈದು ಬರೀ ಕೈಯದಾಯಿತು, ಇಡೀ ಮೈಗೆ ಲೆಕ್ಕ ಹಾಕಿದರೆ ಅದರ ಮೂರರಲ್ಲೊಂದು ಪಾಲಷ್ಟೇ ಅನ್ನುವುದು ಅವರ ವಾದ. ನಾನೇನೋ ಒಂದು ಕೈ ಪೂರ್ತಿ ಹೋಯಿತೆಂದು ಅತ್ತಿದ್ದೆ. ಅತ್ತದ್ದು ಹೆಚ್ಚಾಯಿತು ಅನ್ನಿಸಿತು.

ಹೀಗೆ ದಿನ ಹೋಗುತ್ತಿರುವಾಗ ವಕೀಲರು ಒಂದು ಮಾತು ಹೇಳಿ ಕಳಿಸಿದ್ದರು: ಯಾರೇ ಬಂದು ಕೇಳಲಿ, ಕೆಲಸ ಆಗ್ತಾ ಇಲ್ಲ ಅಂತಲೇ ಹೇಳು. ನಾನೂ ಹೂಂ ಅಂದಿದ್ದೆ.

ಒಂದು ಮಧ್ಯಾಹ್ನ, ಗಂಡ ಅಂಗಡಿಯಲ್ಲಿದ್ದಾಗ, ಬೈಕಿನ ಮೇಲೆ ಒಬ್ಬರು ಬಂದರು. ಹಾವೇರಿ ಕಡೆಯ ಮಾತು. ‘ಅಕ್ಕಾರ, ತೊಡೆದೇವು ಮಾಡೋರು ನೀವೇ ಏನ್ರಿ? ತಂಗಿ ಸೀಮಂತಕ್ಕ ಬೇಕಾಗಿತ್ರಿ. ನಿಮ್ಮ ಹೆಸರ ಹೇಳಿದ್ರು.’

ಒಂದೂವರೆ ವರ್ಷದಿಂದ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಎಲ್ಲರೂ ಕೇಳುತ್ತಿದ್ದದ್ದು ನೋವು ಹೇಗಿದೆ, ಕೇಸು ಎಲ್ಲಿಗೆ ಬಂತು ಅಂತ. ವಕೀಲರ ಬುದ್ಧಿಮಾತೆಲ್ಲ ಎಲ್ಲಿ ಹೋಯಿತೋ. ‘ಬನ್ನಿ, ಕೂತ್ಕಳಿ. ಆಸ್ರಿಗೆ ಎಂತ ಕೊಡ್ಲಿ?’ ಅಂದೆ. ಬಾಯಾರಿ ಬಂದವರಿಗೆ ಕುಡಿಯಲು ಕೊಡದೆ ನಮ್ಮಲ್ಲಿ ಮಾತು ಶುರುವಾಗುವುದಿಲ್ಲ. ಮುರುಗಲು ಶರಬತ್ತು ಮಾಡಿ ಕೊಟ್ಟೆ. ಆತ ಕುಡಿದರು, ಚೆನ್ನಾಗಿದೆ ಅಂದರು, ಆಮೇಲೆ ನನ್ನ ಸೆರಗಿನ ಕಡೆ ನೋಡಿ, ‘ಆದ್ರ ಈಗ ಹೆಂಗ್ ಮಾಡ್ತೀರಿ ಅಕ್ಕಾರ?’ ಅಂದರು.

ಅಷ್ಟು ಸಾಕಾಯಿತು ನನಗೆ. ಹೆಂಗೆ ಅಂದರೆ? ‘ಕೂತ್ಕಳಿ, ತೋರಿಸ್ತೆ’ ಅಂದೆ.

ಅಟ್ಟದ ಮೇಲಿದ್ದ ಮಡಕೆಯನ್ನು, ನಾನು ಕೇಳುವ ಮೊದಲೇ, ಅವರೇ ಇಳಿಸಿಕೊಟ್ಟರು. ಅಕ್ಕಿ ಹೇಗೂ ದೋಸೆಗೆಂದು ನೆನೆಸಿಟ್ಟಿದ್ದೆ, ಕಬ್ಬಿನ ಹಾಲು ಇಲ್ಲದ್ದಕ್ಕೆ ಬೆಲ್ಲದ ನೀರು. ಒಲೆ ಹೊತ್ತಿಸಿ ಕೂತೆ. ತಂಗಿಗೆ ತೋರಿಸುತ್ತೇನೆ ಅಂತ ಆತ ಮೊಬೈಲು ಎತ್ತಿ ಹಿಡಿದರು. ನಾನು ಸೆರಗು ಸರಿಮಾಡಿಕೊಂಡು, ಬೆಳಕು ಸಾಲುತ್ತದೆಯೇ ಅಂತ ಬೇರೆ ಕೇಳಿದೆ. ಒಂದೆರಡು ಕರಕಲಾದವು, ಬಹಳ ದಿನ ಅಟ್ಟದಲ್ಲಿದ್ದ ಮಡಕೆ. ತಿನ್ನಲು ನಾದಿನಿ ಮಾಡಿ ಕಳಿಸಿದ್ದ ತೊಡೆದೇವಿನ ಡಬ್ಬಿಯಿಂದ ತೆಗೆದುಕೊಟ್ಟೆ, ತಂಗಿಗೆ ಅಂತ ನಾಲ್ಕು ಕಾಗದದಲ್ಲಿ ಕಟ್ಟಿಯೂ ಕೊಟ್ಟೆ. ಸೀಮಂತದ ದಿನ ಗೊತ್ತಾದ ಮೇಲೆ ಫೋನು ಮಾಡುತ್ತೇನೆಂದು ಹೇಳಿ ಆತ ಹೋದರು.

ಸಂಜೆ ಗಂಡ ಬಂದ ಕೂಡಲೇ ಹೇಳಿದೆ, ‘ಆನು ಇವತ್ತು ತೊಡೆದೇವು ಮಾಡ್ದಿ.’

‘ಒಂದೇ ಕೈಯಲ್ಲಿ?’

‘ಎಂತಕೆ, ಆಗ್ತಿಲ್ಲೆ ಹೇಳಿ ತಿಳ್ಕಂಡಿದ್ರಾ?’

ಅವರು ಕೈಕಾಲು ತೊಳೆಯಲು ಬಚ್ಚಲಿಗೆ ಹೋದರು. ಊಟಕ್ಕೆ ಕೂತಾಗ ನನ್ನ ಎಡಗೈಯ ತುದಿಯಲ್ಲಿ ಎದ್ದಿದ್ದ ಬೊಬ್ಬೆಯನ್ನು ನೋಡಿ ಇದೇನು ಅಂತ ಕೇಳಿದರು. ಚಾ ಸೋಸುವಾಗ ಚೆಲ್ಲಿತು ಅಂದೆ. ನನಗೂ ಹಾಗೇ ಅನ್ನಿಸಿತ್ತು. ಅವತ್ತು ನನಗೆ ಬಹಳ ಖುಷಿಯಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಎಷ್ಟೋ ದಿನದ ಮೇಲೆ ಒಳ್ಳೆ ನಿದ್ದೆ ಬಂತು.

ಸೀಮಂತದ ಫೋನು ಬರಲಿಲ್ಲ. ಬಂದದ್ದು ಕೋರ್ಟಿನ ತಾರೀಖು. ಅದೂ ಒಂದಲ್ಲ, ಎರಡಲ್ಲ: ಒಂದು ಸಲ ಅವರ ವಕೀಲರಿಗೆ ಜ್ವರ, ಒಂದು ಸಲ ನಮ್ಮ ವಕೀಲರ ಮನೆಯಲ್ಲಿ ಕಾರ್ಯ, ಒಂದು ಸಲ ನ್ಯಾಯಾಧೀಶರೇ ವರ್ಗ. ಹೊಸದಾಗಿ ಬಂದ ನ್ಯಾಯಾಧೀಶರು ಬಯಲುಸೀಮೆಯವರು. ‘ತೊಡೆದೇವು ಅಂದರೇನು?’ ಅಂತ ಮೊದಲಿಗೇ ಕೇಳಿದರು.

‘ಒಂದು ಬಗೆಯ ದೋಸೆ, ಸ್ವಾಮಿ’ ಅಂದರು ಕಂಪನಿಯ ವಕೀಲರು.

ಸಾಕ್ಷಿಕಟ್ಟೆಯಲ್ಲಿ ನಿಂತಿದ್ದೇನೆಂಬುದೂ ಮರೆತು ‘ದೋಸೆ ಅಲ್ಲ’ ಅಂದೆ. ಕೇಳಿದಾಗ ಮಾತ್ರ ಹೇಳಿ ಅಮ್ಮ, ಅಂದರು ನ್ಯಾಯಾಧೀಶರು. ಕೈ ಹೋದದ್ದನ್ನು ಹೇಗೋ ಸಹಿಸಿಕೊಂಡಿದ್ದೆ, ಈ ದೋಸೆಯನ್ನು ಸಹಿಸುವುದು ಕಷ್ಟವಾಯಿತು.

ಪಾಟೀಸವಾಲು ಶುರುವಾಯಿತು. ‘ನಿಮಗೆ ಯಾವ ಕೆಲಸವೂ ಇಲ್ಲ ಎಂದು ಪೊಲೀಸರಿಗೆ ಹೇಳಿದ್ದು ಸರಿಯೇ?’

‘ಹೇಳಿದ್ದು ಸರಿ.’

‘ಅಂದರೆ ಕೆಲಸ ಇರಲಿಲ್ಲ.’

‘ಇತ್ತು.’

‘ಹಾಗಾದರೆ ಪೊಲೀಸರಿಗೆ ಸುಳ್ಳು ಹೇಳಿದ್ದೀರಿ.’

‘ಸುಳ್ಳಲ್ಲ. ನಮ್ಮ ಕಡೆ ಹಾಗೇ ಹೇಳೋದು.’

ಟೈಪು ಮಾಡುವವರು ಕೈ ನಿಲ್ಲಿಸಿ ತಲೆ ಎತ್ತಿದರು. ಅವರಿಗೆ ಅದನ್ನು ಹೇಗೆ ಬರೆಯುವುದೆಂದು ತಿಳಿಯಲಿಲ್ಲ. ಕಡೆಗೆ ‘ಸುಳ್ಳು ಹೇಳಿರುತ್ತೇನೆ ಎಂಬುದು ಸರಿಯಲ್ಲ’ ಅಂತ ಬರೆದುಕೊಂಡರು. ನಾನು ಅಂಥ ಭಾಷೆಯಲ್ಲಿ ಮಾತಾಡಿದ್ದು ಹುಟ್ಟಿದ ಮೇಲೆ ಅದೇ ಮೊದಲು.

ಅಷ್ಟಾದ ಮೇಲೆ ಕಂಪನಿಯ ವಕೀಲರು ಒಂದು ಲ್ಯಾಪ್‌ಟಾಪು ತರಿಸಿದರು. ಹಿಂದಿನ ಬೆಂಚಿನಲ್ಲಿ ಹಾವೇರಿಯ ಆ ಮನುಷ್ಯ ಕೂತಿದ್ದನ್ನು ನಾನು ನೋಡಿದ್ದು ಆವಾಗಲೇ. ಕಂಪನಿಯ ಪರವಾಗಿ ವಿಚಾರಣೆ ಮಾಡಲು ಬಂದವರಂತೆ. ತಂಗಿಯೂ ಇಲ್ಲ, ಸೀಮಂತವೂ ಇಲ್ಲ. ನನ್ನ ಕಡೆ ನೋಡದೆ ಮೊಬೈಲು ಉಜ್ಜುತ್ತ ಕೂತಿದ್ದರು. ನನ್ನ ಕೈಯಿಂದ ಮುರುಗಲು ಕುಡಿದಿದ್ದರಲ್ಲ ಅಂತ ಸಿಟ್ಟು ಬಂತು. ಕಟ್ಟಿಕೊಟ್ಟ ನಾಲ್ಕು ತೊಡೆದೇವನ್ನು ಯಾರು ತಿಂದರೋ.

‘ಸ್ವಾಮಿ, ಅರ್ಜಿದಾರರು ಇಂದಿಗೂ ಇದೇ ಕೆಲಸವನ್ನು ಲೀಲಾಜಾಲವಾಗಿ ಮಾಡುತ್ತಿದ್ದಾರೆ’ ಅಂದರು ವಕೀಲರು. ಈ ವಿದ್ಯೆಗೆ ಕೈ ಮುಗಿಯಬೇಕು, ಎರಡೂ ಇದ್ದವರು. ಐದು ನಿಮಿಷದ ಕೆಳಗೆ ನನಗೆ ಕೆಲಸವೇ ಇರಲಿಲ್ಲ, ಆದ್ದರಿಂದ ನಷ್ಟವಿಲ್ಲ. ಈಗ ಕೆಲಸ ಹೋಗಿಯೇ ಇಲ್ಲ, ಆದ್ದರಿಂದ ನಷ್ಟವಿಲ್ಲ. ಎರಡನ್ನೂ ಒಂದೇ ದನಿಯಲ್ಲಿ, ಒಂದೇ ಕೋಟು ಹಾಕಿಕೊಂಡು ಹೇಳಿದರು. ನಮ್ಮ ವಕೀಲರು ನನ್ನ ಕಡೆ ತಿರುಗಿ, ಇದೇನು ಮಾಡಿಟ್ಟೆ ತಂಗಿ ಅನ್ನುವ ಮುಖ ಮಾಡಿದರು. ಎಲ್ಲ ಮುಗಿಯಿತು, ಇನ್ನು ಕಾಗದದಲ್ಲಿ ನಾನು ಯಾವತ್ತಿಗೂ ಮನೆಯಲ್ಲೇ ಇದ್ದವಳು ಅಂದುಕೊಂಡೆ.

ಲ್ಯಾಪ್‌ಟಾಪಿನಲ್ಲಿ ನಾನು ಬಂದೆ. ಸೆರಗು ಸರಿಮಾಡಿಕೊಂಡೆ, ಬೆಳಕು ಸಾಲುತ್ತದೆಯೇ ಅಂತ ಕೇಳಿದೆ, ಬಟ್ಟೆ ಅದ್ದಿ ಮಡಕೆಗೆ ಒಂದು ಸಲ ಬಳಿದೆ. ಒಳ್ಳೆ ಕೈ, ಹೇಳಬಾರದು. ಕಂಪನಿಯ ವಕೀಲರು ಅಲ್ಲಿಗೆ ನಿಲ್ಲಿಸಿ, ‘ಇಷ್ಟು ಸಾಕು ಸ್ವಾಮಿ’ ಅಂದರು.

ನ್ಯಾಯಾಧೀಶರು ಮುಂದಕ್ಕೆ ಬಾಗಿದ್ದರು. ‘ತಡೀರಿ, ಮಡಕೆಯಿಂದ ಅದು ಏಳೋದು ಹೇಗೆ? ನಡೀಲಿ.’

‘ಸ್ವಾಮಿ, ಉಳಿದದ್ದು ಅನಗತ್ಯ...’

‘ನಡೀಲಿ ಅಂದೆನಲ್ಲ. ನೋಡೋಣ.’

ಪುನಃ ಓಡಿತು. ಮಡಕೆಯ ಬೆನ್ನಿನ ಮೇಲೆ ಹಾಳೆಯ ಅಂಚು ಎದ್ದಿತು. ಪರದೆಯೊಳಗಿನ ನಾನು ಬಲಗೈಯಲ್ಲಿ ಕೋಲು ಹಿಡಿದುಕೊಂಡೇ ಇದ್ದೆ. ಸೆರಗಿನ ಒಳಗಿಂದ ಎಡಗೈ ಬಂತು. ಅಂದರೆ ಅದರ ತುದಿ ಬಂತು. ನೇರ ಮಡಕೆಯ ಹತ್ತಿರ ಹೋಗಿ, ಅಂಚಿನ ಮುಂದೆ ನಿಂತು, ಉಗುರಿನಲ್ಲಿ ಹಿಡಿಯುವ ಹಾಗೆ ಒಂದು ಸಲ ಕೆಳಗೆ ಹೋಗಿ ಮೇಲೆ ಬಂತು. ಹಾಳೆ ಅಲ್ಲೇ ಇತ್ತು. ಮತ್ತೆ ಹೋಯಿತು, ಮಡಕೆಗೆ ತಾಗಿತು, ಚಟಕ್ಕನೆ ಹಿಂದೆ ಬಂತು. ಹಾಳೆ ಕರಕಲಾಯಿತು. ‘ಒಂದು ಹಾಳಾತು, ಇನ್ನೊಂದು ಮಾಡ್ತೆ, ಕೂತ್ಕಳಿ’ ಅಂತ ಪರದೆಯೊಳಗೆ ನಾನು ನಗುತ್ತ ಹೇಳಿದೆ. ಇನ್ನೊಂದು ಬಳಿದೆ. ಮತ್ತೆ ಅದೇ ತುದಿ ಅಂಚಿಗೆ ಹೋಯಿತು. ಮೂರನೆಯದು, ನಾಲ್ಕನೆಯದು. ನನಗೆ ನೆನಪಿದ್ದದ್ದು ಒಂದೆರಡು ಕರಕಲಾದದ್ದು. ಅಲ್ಲಿ ಏಳು ಕರಕಲಾದವು, ಒಂದೂ ಎದ್ದಿರಲಿಲ್ಲ. ಏಳೂ ಸಲ ಆ ಕೈ, ಇಲ್ಲದ ಬೆರಳುಗಳನ್ನು ಚಾಚಿಕೊಂಡು ಹೋಗಿತ್ತು. ‘ಇರ್ಲಿ ಬಿಡ್ರಿ ಅಕ್ಕಾರ, ಸಾಕು’ ಅಂತ ಆ ಮನುಷ್ಯ ಎರಡು ಸಲ ಹೇಳಿದ್ದೂ ಕೇಳಿಸಿತು. ಅದೂ ನನಗೆ ನೆನಪಿರಲಿಲ್ಲ.

ಟೈಪಿನವರು ತಲೆ ತಗ್ಗಿಸಿದರು. ನನಗೆ ನಾಚಿಕೆಯಾಯಿತು, ಬಟ್ಟೆ ಜಾರಿದವಳ ಹಾಗೆ. ಆ ಬೊಬ್ಬೆ ಚಾದ್ದಲ್ಲ ಅಂತ ಗಂಡನಿಗೆ ಅವತ್ತೇ ಗೊತ್ತಿತ್ತು ಅನ್ನುವುದು ಅಲ್ಲಿ ನಿಂತಾಗ ಹೊಳೆಯಿತು. ಸಾಕ್ಷಿಕಟ್ಟೆಯಲ್ಲೇ ಅತ್ತುಬಿಟ್ಟೆ. ಕೈ ಹೋದ ದಿನವೂ ಹಾಗೆ ಅತ್ತಿರಲಿಲ್ಲ.

ತೀರ್ಪು ಬಂತು, ನಾವು ಗೆದ್ದೆವು. ಕಂಪನಿ ತಂದ ಸಾಕ್ಷಿಯೇ ನಮ್ಮನ್ನು ಗೆಲ್ಲಿಸಿತು ಅಂತ ವಕೀಲರು ಊರೆಲ್ಲ ಹೇಳಿಕೊಂಡು ಬಂದರು. ತೀರ್ಪನ್ನು ನನಗೆ ಓದಿ ಹೇಳಿದರು. ಅರ್ಜಿದಾರಳು ‘ದೋಸೆಯನ್ನು ಹೋಲುವ ಒಂದು ಸಿಹಿ ತಿನಿಸನ್ನು’ ತಯಾರಿಸುವುದರಲ್ಲಿ ನುರಿತವಳಾಗಿದ್ದಳು, ಅದು ಅವಳ ಉದ್ಯೋಗವಾಗಿತ್ತು, ಎಡಗೈ ಇಲ್ಲದೆ ಆ ಉದ್ಯೋಗಕ್ಕೆ ಅವಳು ನೂರಕ್ಕೆ ನೂರು ಅಸಮರ್ಥಳು. ಶಾಲೆಯಲ್ಲಿ ಯಾವ ಮಾಸ್ತರೂ ನನಗೆ ನೂರಕ್ಕೆ ನೂರು ಕೊಟ್ಟಿರಲಿಲ್ಲ. ಕೋರ್ಟಿನವರು ಕೊಟ್ಟರು, ಮೊಹರು ಒತ್ತಿ.

ದುಡ್ಡಿನಲ್ಲಿ ಒಂದು ಪಾಲನ್ನು ಬ್ಯಾಂಕಿನಲ್ಲಿ ಠೇವಣಿ ಇಡಬೇಕೆಂದು ಆದೇಶವಿತ್ತು. ಶಿರಸಿಯ ಬ್ಯಾಂಕಿಗೆ ಒಬ್ಬಳೇ ಹೋದೆ. ಕೌಂಟರಿನಲ್ಲಿದ್ದವರು ಒಳ್ಳೆಯವರು, ಕೂರಿಸಿ, ಫಾರಂ ತಾವೇ ತುಂಬಿದರು. ಹೆಸರು, ವಯಸ್ಸು ಆಯಿತು. ‘ಅಕ್ಕಾ, ಉದ್ಯೋಗ ಏನಂತ ಹಾಕ್ಲಿ?’

ಈ ಸಲ ನಾನು ತಯಾರಾಗಿಯೇ ಹೋಗಿದ್ದೆ. ದೊಡ್ಡಸ್ತಿಕೆಯಾದರೆ ಆಗಲಿ ಅಂತ ಗಟ್ಟಿಯಾಗಿ ಹೇಳಿದೆ, ‘ತೊಡೆದೇವು ಮಾಡ್ತೆ.’ ತೀರ್ಪಿನ ಪ್ರತಿಯನ್ನೂ ಮುಂದಿಟ್ಟೆ.

ಅವರು ಹಾಳೆ ತಿರುವಿ ಓದಿದರು. ಓದಿ ಸ್ವಲ್ಪ ಸಂಕೋಚಪಟ್ಟರು. ‘ಆದ್ರೆ ಅಕ್ಕಾ, ಇದ್ರಲ್ಲಿ ನಿಮಗೆ ಇನ್ನು ಅದು ಆಗೋದೇ ಇಲ್ಲ ಅಂತ ಉಂಟಲ್ಲ. ಗೃಹಿಣಿ ಅಂತ ಹಾಕ್ತೆ, ಅಡ್ಡಿಲ್ಲೆ ಅಲ್ದಾ?’

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಕಾಗದವನ್ನು ಇಷ್ಟು ವರ್ಷ ಬಡಿದಾಡಿ ಬರೆಸಿಕೊಂಡವಳೇ ನಾನು. ಹಾಕಿ ಅಂದೆ.

ಪೆನ್ನು ಕೊಟ್ಟು ಸಹಿ ಮಾಡುವ ಜಾಗ ತೋರಿಸಿದರು. ‘ಬರೆಯೋ ಕೈ ಉಳೀತಲ್ಲ ಅಕ್ಕಾ, ಪುಣ್ಯ’ ಅಂದರು, ಪಾಪ, ಒಳ್ಳೆ ಮನಸ್ಸಿನಿಂದಲೇ. ನಾನು ಸಹಿ ಶುರು ಮಾಡಿದೆ. ಮೇಲೆ ಫ್ಯಾನು ತಿರುಗುತ್ತಿತ್ತು, ಮೇಜು ನುಣುಪಾಗಿತ್ತು, ಹೆಸರಿನ ಮೊದಲ ಅಕ್ಷರಕ್ಕೇ ಫಾರಂ ಜಾರಿತು. ಎಡಗೈ ಒತ್ತಿಹಿಡಿಯಲು ಹೊರಟಿತು. ಈ ಸಲ ಅದು ಹೊರಟದ್ದು ನನಗೆ ಗೊತ್ತಾಯಿತು. ಸೆರಗಿನ ಒಳಗೇ ಇಟ್ಟುಕೊಂಡೆ.

‘ಕಾಗದ ಸ್ವಲ್ಪ ಹಿಡ್ಕಳಿ’ ಅಂದೆ. ಇಷ್ಟು ವರ್ಷದಲ್ಲಿ ಬೇರೆಯವರ ಹತ್ತಿರ ನಾನು ಹಾಗೆ ಕೇಳಿದ್ದು ಅದೇ ಮೊದಲು. ಅವರು ಎರಡು ಬೆರಳಿಟ್ಟು ಹಿಡಿದುಕೊಂಡರು.